ಹತ್ತುವ ಮುಂಚೆ ಜೊತೆಗೆ ನಡೆಯಿರಿ

"ಎರಡು ವರ್ಷ ತುಂಬ್ತು, ಇನ್ನು ಸವಾರಿ ಶುರು ಮಾಡಬಹುದಾ?" ಮಾರ್ವಾಡಿ ತಳಿಯ ಕುದುರೆಮರಿ ತಂದವರೆಲ್ಲ ಕೇಳುವ ಪ್ರಶ್ನೆ ಇದು. ಸದ್ಯ ಬೇಡ, ಹಗ್ಗ ಹಿಡಿದು ನಡೆಸಿ ಅನ್ನುತ್ತೇನೆ. ಮುಖ ಸಪ್ಪಗಾಗುತ್ತದೆ. ಅಷ್ಟು ದುಡ್ಡು ಸುರಿದು ತಂದಿದ್ದು ಪಕ್ಕದಲ್ಲಿ ನಡೆಯೋಕಾ ಅಂತ.

ಎರಡು ವರ್ಷಕ್ಕೆ ಕುದುರೆ ಹೆಚ್ಚುಕಮ್ಮಿ ಪೂರ್ತಿ ಎತ್ತರಕ್ಕೆ ಬಂದಿರುತ್ತದೆ. ನಾವು ಮೋಸ ಹೋಗುವುದೇ ಅಲ್ಲಿ. ಮುಂಗಾಲಿನ ಮಂಡಿಯ ಎಲುಬು ಬೆಳೆದು ಮುಗಿಯುವುದು ಎರಡೂವರೆ ವರ್ಷದ ಆಸುಪಾಸು. ಬೆನ್ನುಮೂಳೆಯದು ಎಲ್ಲಕ್ಕಿಂತ ಕೊನೆ, ಐದು ವರ್ಷ ದಾಟುವುದೂ ಉಂಟು. ನಾವು ಕೂರುವುದು ಅದರ ಮೇಲೇ ಅಲ್ವಾ? ಜೊತೆಗೆ ಕುದುರೆಗೆ ಕಾಲರ್ ಬೋನ್ ಇಲ್ಲ. ಎರಡು ಮುಂಗಾಲುಗಳ ನಡುವೆ ಎದೆಗೂಡು ಬರೀ ಮಾಂಸಖಂಡಗಳ ಆಸರೆಯಲ್ಲಿ ತೊಟ್ಟಿಲಿನ ಹಾಗೆ ತೂಗುತ್ತಿರುತ್ತದೆ. ಸುಮ್ನೆ ನಿಂತಾಗಲೇ ಮೈಭಾರದ ಸುಮಾರು 60% ಮುಂಗಾಲಿನ ಮೇಲೆ. ಆಮೇಲೆ ಜೀನು, ಆಮೇಲೆ ನಾವು.

ಹಾಗಂತ ಲಾಯದಲ್ಲಿ ಕಟ್ಟಿಹಾಕಿ ವಯಸ್ಸಾಗಲಿ ಅಂತ ಕಾಯುವುದೂ ತಪ್ಪು. ಓಡಾಟ ಇಲ್ಲದೆ ಎಲುಬು ಗಟ್ಟಿಯಾಗುವುದಿಲ್ಲ.

ತೊಂದರೆ ಏನಂದರೆ, ಗ್ರೌಂಡ್‌ವರ್ಕ್, ಅಂದರೆ ಹತ್ತದೆ ನೆಲದ ಮೇಲೆ ನಿಂತೇ ಮಾಡಿಸುವ ಪಳಗಿಕೆ, ನಮ್ಮ ಕಡೆ ಬರೀ ಸುತ್ತಿಸುವುದು ಅಂತ ಆಗಿಬಿಟ್ಟಿದೆ. ಇರುವುದು ಚೂರು ಜಾಗ. ಗಿಡ್ಡ ಹಗ್ಗ, ಕೈಯಲ್ಲಿ ಚಾವಟಿ, ಬೆವರು ಇಳಿಯುವವರೆಗೂ ಓಡಿಸು. ಸುಸ್ತಾದ ಕುದುರೆ ತೆಪ್ಪಗಿರುತ್ತದೆ, ನಿಜ. ಅದು ಬಲ ಅಲ್ಲ. ಗಿಡ್ಡ ಸುತ್ತಿನಲ್ಲಿ ಕುದುರೆ ಒಳಕ್ಕೆ ವಾಲಿ ಓಡುತ್ತದೆ, ಎಳೆ ಕೀಲುಗಳು ತಿರುಚಿಕೊಳ್ಳುತ್ತವೆ. ಸುತ್ತಿಸಲೇಬೇಕಿದ್ದರೆ 15ರಿಂದ 20 ಮೀಟರ್ ಅಗಲದ ಸುತ್ತಿರಲಿ. ಎರಡೂ ದಿಕ್ಕಿಗೆ ತಿರುಗಿಸಿ, ಹತ್ತು ನಿಮಿಷಕ್ಕೆ ನಿಲ್ಲಿಸಿ.

ನನ್ನ ಮಟ್ಟಿಗೆ ಬಲ ಕೊಡುವುದು ನಿಧಾನದ ಕೆಲಸ. ಹಿಂದಕ್ಕೆ ನಡೆಸುವುದನ್ನೇ ತಗೊಳ್ಳಿ. ತಲೆ ತಗ್ಗಿಸಿಕೊಂಡು, ಒಂದು ಮುಂಗಾಲು ಮತ್ತು ಅದರ ಎದುರು ಬದಿಯ ಹಿಂಗಾಲು ಜೊತೆಯಾಗಿ ಎತ್ತಿ ಹಿಂದೆ ಹೋದರೆ ಹೊಟ್ಟೆಯ ಮಾಂಸಖಂಡ ಬಿಗಿಯುತ್ತದೆ, ಬೆನ್ನು ಮೇಲೆದ್ದು ಬರುತ್ತದೆ. ಪಕ್ಕದಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಅದೇ ಬಾಯಿ ಜಗ್ಗಿ ಹಿಂದೆ ದಬ್ಬಿದರೆ ತಲೆ ಮೇಲೆ, ಬೆನ್ನು ಕೆಳಗೆ. ಅಂಥದ್ದು ನೂರು ಹೆಜ್ಜೆ ಹಾಕಿಸಿದರೂ ದಂಡ. ನಾಲ್ಕೈದು ಒಳ್ಳೆ ಹೆಜ್ಜೆ ಸಾಕು, ಕೂಡಲೇ ಹಗ್ಗ ಸಡಿಲ ಬಿಡಿ.

ಆಮೇಲೆ ಕಂಬ ದಾಟಿಸುವುದು. ನೆಲದ ಮೇಲೆ ನೀಲಗಿರಿ ಕಂಬಗಳು, ನಡಿಗೆಗೆ ಸುಮಾರು 80 ಸೆಂಟಿಮೀಟರ್ ಅಂತರ. ನಿಮ್ಮ ಕುದುರೆಯ ಹೆಜ್ಜೆ ನೋಡಿ ಹಿಂದೆಮುಂದೆ ಮಾಡಿಕೊಳ್ಳಿ. ಪ್ರತಿ ಕಾಲನ್ನೂ ಎತ್ತಿಡಬೇಕಾಗುತ್ತದೆ, ನೋಡಿ ಇಡಬೇಕಾಗುತ್ತದೆ. ಕಂಬದ ಎರಡೂ ತುದಿಗೆ ಮರಳಿನ ಮೂಟೆ ಒತ್ತಿಡಿ. ದುಂಡನೆ ಕಂಬ ಗೊರಸಿನಡಿ ಉರುಳಿದರೆ ಕಾಲು ಹೊರಳಿತು ಅಂತಲೇ ಲೆಕ್ಕ.

ಇಳಿಜಾರು ಇದ್ದರಂತೂ ಅದೃಷ್ಟ. ಕೆರೆ ಏರಿ ಹತ್ತಿಸಿ, ನಿಧಾನಕ್ಕೆ ಇಳಿಸಿ. ಹತ್ತುವಾಗ ಹಿಂಭಾಗ ದುಡಿಯುತ್ತದೆ, ಇಳಿಯುವಾಗ ತೂಕ ಹಿಡಿದಿಡುವುದು ಕಲಿಯುತ್ತದೆ.

ಕ್ಯಾರೆಟ್ ತೋರಿಸಿ ಕುತ್ತಿಗೆ ಬಗ್ಗಿಸುವುದನ್ನು ಆಟ ಅಂದುಕೊಂಡವರೇ ಜಾಸ್ತಿ. ಮೂತಿಯನ್ನು ಎದೆಗೆ, ಪಕ್ಕೆಗೆ, ಮುಂಗಾಲುಗಳ ನಡುವೆ ಕೆಳಕ್ಕೆ ತರಿಸಿ ಕೆಲವು ಸೆಕೆಂಡ್ ಹಿಡಿಸುವುದು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಂಟು ಕುದುರೆಗಳಿಗೆ ವಾರಕ್ಕೆ ಐದು ದಿನದಂತೆ ಮೂರು ತಿಂಗಳು ಇದನ್ನೇ ಮಾಡಿಸಿ, ಸ್ಕ್ಯಾನ್ ಮಾಡಿ ಅಳೆದರು. ಬೆನ್ನುಮೂಳೆಗೆ ಅಂಟಿಕೊಂಡ ಒಳ ಮಾಂಸಖಂಡ ದಪ್ಪವಾಗಿತ್ತು. ಕ್ಯಾರೆಟ್ ಸಿಗದಿದ್ದರೆ ಚೂರು ಬೆಲ್ಲ. ಬೆರಳು ಜೋಪಾನ.

ಇದನ್ನೆಲ್ಲ ಯಾರೂ ಮಾಡದಿರುವುದಕ್ಕೆ ನಿಜವಾದ ಕಾರಣ ಬೇರೆ ಇದೆ. ನಮ್ಮಲ್ಲಿ ನಡೆಸುವುದು ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರ ಕೆಲಸ, ಹತ್ತುವುದು ಮಾಲೀಕರ ಕೆಲಸ. ಕುದುರೆ ಎಡಕ್ಕೆ ಬಾಗಲು ಹಟ ಮಾಡುತ್ತದೆ, ಬಲ ಹಿಂಗಾಲು ಎಳೆಯುತ್ತದೆ ಅನ್ನುವುದು ಸೈಸ್‌ಗೆ ಗೊತ್ತಿರುತ್ತದೆ. ಅವರನ್ನು ಯಾರೂ ಕೇಳುವುದಿಲ್ಲ. ಜೀನು ಹಾಕಿದ ದಿನ ಕುದುರೆ ಕುಣಿದರೆ ಮಾತ್ರ ಬೈಗುಳ ಅವರಿಗೇ.

ಹೀಗೆ ಕೆಲವು ತಿಂಗಳು ಮಾಡಿಸಿ, ವಯಸ್ಸು ನಾಲ್ಕರ ಹತ್ತಿರ ಬಂದಾಗ ಖಾಲಿ ಜೀನು ಹಾಕಿ ಅದೇ ಕಂಬ, ಅದೇ ಏರಿ ತಿರುಗಿಸಿ. ಮೊದಲ ಸವಾರಿಗೆ ಹಗುರ ಮೈಯವರು ಕೂರಲಿ. ಹತ್ತು ನಿಮಿಷ ನಡಿಗೆ, ಅಷ್ಟೇ. ಮಾರನೇ ದಿನ ಜೀನು ಕೂರುವ ಜಾಗದಲ್ಲಿ ಬೆರಳು ಒತ್ತಿ ನೋಡಿ. ಬೆನ್ನು ಕೆಳಕ್ಕೆ ತಗ್ಗಿಸಿ ಕಿವಿ ಹಿಂದಕ್ಕೆ ಒತ್ತಿದರೆ ಜೀನು ಎತ್ತಿಡಿ. ಜೀನು ಸರಿ ಕೂರುತ್ತಾ ನೋಡಿಸಿ, ಡಾಕ್ಟರಿಗೆ ಬೆನ್ನು ತೋರಿಸಿ. ಅಲ್ಲಿಯವರೆಗೆ ಮತ್ತೆ ಹಗ್ಗವೇ.