ಸಿಲ್ಲಿ ಮಿಸ್ಟೇಕಿನ ಮಹಿಮೆ

'ಸಿಲ್ಲಿ ಮಿಸ್ಟೇಕ್' ಎಂಬ ಮಾತು ಕಿವಿಗೆ ಬಿದ್ದರೆ ಈಚೆಗೆ ನನಗೆ ಮೈ ಉರಿಯುತ್ತದೆ. ಲೆಕ್ಕದಲ್ಲಿ ಅಂಕ ಕಳೆದುಕೊಂಡ ಮಗುವಿನ ಬಾಯಲ್ಲಾದರೆ ಸಹಿಸಿಕೊಳ್ಳಬಹುದು. ಮೊಹರು ಒತ್ತುವ ಕೈಯವರೂ ಅದನ್ನೇ ಹೇಳತೊಡಗಿದ ಮೇಲೆ, ಈ 'ಸಿಲ್ಲಿ' ಎಲ್ಲಿಂದ ವಕ್ಕರಿಸಿತೆಂದು ಕೆದಕುವ ಹಟ ಹುಟ್ಟಿತು.

ಕೆದಕಿದರೆ ಅದು ಒಳ್ಳೆಯ ಮನೆತನದ ಪದ. ಹಳೆಯ ಇಂಗ್ಲಿಷಿನಲ್ಲಿ ಅದರ ಪೂರ್ವರೂಪಕ್ಕೆ ಸುಖಿ, ದೈವಕೃಪೆಗೆ ಪಾತ್ರನಾದವನು ಎಂಬ ಅರ್ಥವಿತ್ತು. ದೇವರು ಮೆಚ್ಚಿದವನು ಕ್ರಮೇಣ ಮುಗ್ಧನಾದ, ಮುಗ್ಧನು ಪಾಪದವನಾದ, ಪಾಪದವನು ಕೈಲಾಗದವನಾಗಿ, 16ನೆಯ ಶತಮಾನ ಮುಗಿಯುವ ಹೊತ್ತಿಗೆ ಶುದ್ಧ ಪೆದ್ದನಾಗಿಬಿಟ್ಟ. ಕ್ರಿಕೆಟ್ಟಿನ 'ಸಿಲ್ಲಿ ಪಾಯಿಂಟ್' ಎಂಬುದೂ ಬ್ಯಾಟಿನ ಬುಡದಲ್ಲೇ ಹೋಗಿ ನಿಲ್ಲುವ ಹುಂಬತನವೇ. ಜರ್ಮನ್ ದಾಯಾದಿ 'ಸೇಲಿಗ್' ಮಾತ್ರ ಮಾನ ಉಳಿಸಿಕೊಂಡಿದೆ. ನಾವು 'ದಿವಂಗತ' ಎನ್ನುವಂತೆ, ಗತಿಸಿದ ತಂದೆಯನ್ನು ನೆನೆಯುವಾಗ ಅದನ್ನು ಸೇರಿಸುವ ಹಳೆಯ ವಾಡಿಕೆ ಅಲ್ಲಿದೆ.

ನನ್ನ ಫಜೀತಿ ಶುರುವಾದದ್ದೂ ಗತಿಸಿದ ತಂದೆಯವರಿಂದಲೇ. ಜಮೀನಿನ ಕೆಲಸಕ್ಕೆಂದು ಪಡೆದ ದಾಖಲೆಯಲ್ಲಿ ಅವರ ಜನ್ಮವರ್ಷ 1937ರ ಬದಲು 1973 ಎಂದು ನಮೂದಾಗಿ, 1965ರಲ್ಲಿ ಹುಟ್ಟಿದ ನಾನು ಅವರಿಗಿಂತ ಎಂಟು ವರ್ಷ ಹಿರಿಯನಾಗಿದ್ದೆ. ಪೋಸ್ಟ್ ಕಾರ್ಡಿನ ಮೂಲೆಯಲ್ಲಿ ಬರೆದ ತಾರೀಖನ್ನೂ ಕನ್ನಡಕ ಒರೆಸಿಕೊಂಡು ಮರಳಿ ಓದುತ್ತಿದ್ದ ಮನುಷ್ಯ ಅವರು. ಇದನ್ನು ಕಂಡಿದ್ದರೆ ಅಂದು ರಾತ್ರಿ ಊಟ ಸೇರುತ್ತಿರಲಿಲ್ಲ. ಗುಮಾಸ್ತರಿಗೆ ತೋರಿಸಿದರೆ, 'ಸಿಲ್ಲಿ ಮಿಸ್ಟೇಕ್ ಸಾರ್' ಎಂದು ನಕ್ಕರು.

ಆ ಮಹಾನುಭಾವರ ಲೆಕ್ಕದಲ್ಲಿ ತಪ್ಪುಗಳು ಎರಡೇ ಬಗೆ: ಅವರ ಕೈಯಿಂದಾದದ್ದು ಸಿಲ್ಲಿ, ನಮ್ಮ ಕೈಯಿಂದಾದದ್ದು ಸೀರಿಯಸ್. ನನ್ನ ಹಿಂದೆ ನಿಂತಿದ್ದ ಹೆಣ್ಣುಮಗಳೊಬ್ಬರನ್ನು ದಾಖಲೆಯಲ್ಲಿ 'ಪುರುಷ'ರನ್ನಾಗಿಸಿದ್ದು ಸಿಲ್ಲಿ. ಇನ್ನೊಬ್ಬರ ಊರನ್ನು ಬುಡಸಮೇತ ಕಿತ್ತು ಪಕ್ಕದ ಜಿಲ್ಲೆಗೆ ಸಾಗಿಸಿದ್ದೂ ಸಿಲ್ಲಿ. ಆದರೆ ತಿದ್ದುಪಡಿ ಅರ್ಜಿಯಲ್ಲಿ ನನ್ನ ಸಹಿಯ ಬಾಲ ಚೌಕದ ಗೆರೆಯನ್ನು ಕೂದಲೆಳೆಯಷ್ಟು ದಾಟಿದ್ದನ್ನು ಕಂಡೊಡನೆ ನಗು ಮಾಯವಾಗಿ, ಪೆನ್ನಿನ ತುದಿ ಆ ಬಾಲದ ಮೇಲೆ ಬಂದು ನಿಂತಿತು. 'ಇದು ಸೀರಿಯಸ್ಸು. ಬೇರೆ ಅರ್ಜಿ ಬರೆಯಿರಿ.' ಯಾವ ತಪ್ಪು ಮಾಡಿದರೂ ಕೂದಲು ಕೊಂಕದ ಅವರನ್ನು ನೋಡುತ್ತ, ಆ ಪದದ ಹಳೆಯ ಅರ್ಥ ಇನ್ನೂ ಪೂರ್ತಿ ಸತ್ತಿಲ್ಲವೆನಿಸಿತು.

ಬೇರೆ ಅರ್ಜಿಯ ಜೊತೆಗೆ, ತಂದೆಯವರು ನನಗಿಂತ ಮೊದಲೇ ಹುಟ್ಟಿದರೆಂಬುದಕ್ಕೆ ಅಫಿಡವಿಟ್ಟು ಬೇಕಂತೆ. ಅವರನ್ನೇ ಒಮ್ಮೆ ಕರೆತಂದರೆ ಇನ್ನೂ ಸಲೀಸಂತೆ. ಅವರು ತೀರಿಕೊಂಡು ಬಹಳ ಕಾಲವಾಯಿತೆಂದೆ. ಗುಮಾಸ್ತರು ದಾಖಲೆಯನ್ನು ಮತ್ತೊಮ್ಮೆ ನೋಡಿ ಲೊಚಗುಟ್ಟಿದರು: 'ಛೇ, ಇಷ್ಟು ಚಿಕ್ಕ ವಯಸ್ಸಿಗೇ?'