ಉಪ್ಪಾಗೆ ನೀರು ಮತ್ತು ತೂಕ ಇಳಿಕೆ: ಸ್ಪಷ್ಟನೆ

ರಾತ್ರಿ ಊಟ ಬಿಟ್ಟು ಉಪ್ಪಾಗೆ ಎಂಬ ಹುಳಿಹಣ್ಣಿನ ಸಿಪ್ಪೆ ನೆನೆಸಿದ ನೀರು ಕುಡಿದರೆ ಕೊಬ್ಬು ಕರಗುತ್ತದೆ, ಆಗ ಮುಟ್ಟು ತಪ್ಪಿದರೆ ಅದು ದೇಹ ಶುದ್ಧವಾಗುತ್ತಿರುವ ಲಕ್ಷಣ ಎಂಬ ಸಂದೇಶ ತೀರ್ಥಹಳ್ಳಿ, ಹೊಸನಗರ ಕಡೆಯ ಕಾಲೇಜು ಹುಡುಗಿಯರ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸುಳ್ಳು.

ಉಪ್ಪಾಗೆಯಲ್ಲಿರುವ ಹೈಡ್ರಾಕ್ಸಿಸಿಟ್ರಿಕ್ ಆಮ್ಲವನ್ನು 135 ಮಂದಿಯಲ್ಲಿ 12 ವಾರ ಪರೀಕ್ಷಿಸಿ 1998ರಲ್ಲಿ ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅದನ್ನು ಸೇವಿಸಿದವರು ಔಷಧದ ಅಂಶವಿಲ್ಲದ ಹುಸಿಗುಳಿಗೆ ನುಂಗಿದವರಿಗಿಂತ ಗಮನಾರ್ಹವಾಗಿ ಹೆಚ್ಚು ತೂಕವನ್ನೇನೂ ಇಳಿಸಿಕೊಳ್ಳಲಿಲ್ಲ. ಒಲೆಯ ಹೊಗೆಗೆ ಕಪ್ಪಾದ ಆ ಸಿಪ್ಪೆ ಸಾರಿನ ಹುಳಿಗೆ ಸೊಗಸು, ಅಷ್ಟೇ. ಊಟ ತೀರಾ ಕಡಿಮೆಯಾದಾಗ ಅಂಡಾಶಯಕ್ಕೆ ಸೂಚನೆ ಕೊಡುವ ಹಾರ್ಮೋನುಗಳು ತಗ್ಗಿ ಮುಟ್ಟು ನಿಲ್ಲುತ್ತದೆ. ಹಾಗೆಯೇ ಮುಂದುವರಿದರೆ ಮೂಳೆಗಳು ದುರ್ಬಲವಾಗುತ್ತವೆ.

ಅನ್ನವನ್ನು ತಟ್ಟೆಯ ಅಂಚಿಗೆ ಸರಿಸುತ್ತ “ಹಾಸ್ಟೆಲಿನಲ್ಲೇ ತಿಂದು ಬಂದೆ” ಎನ್ನುವ ಮಗಳನ್ನು ಗದರಿಸದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು.