ಟವಲ್ ಏಣಿ ಮುಂಬೈಗಿಂತ ನಮ್ಮ ರಾಯಚೂರಿಗೇ ಸರಿ

ಈ ಗ್ವಾಡಿಗೆ ಒರಗಿಸಿಡೋ ಟವಲ್ ಏಣಿ ಅದಾವಲ್ರಿ, ಇಲ್ಲಿ ಮುಂಬೈಯಾಗ ಯಾರ ಹೊಸಾ ಫ್ಲಾಟಿಗೆ ಹೋದ್ರೂ ಬಾತ್‌ರೂಮಿನಾಗ ಒಂದು ನಿಂತಿರ್ತದ. ಚಂದ ಕಾಣ್ತದ, ಸುಳ್ಳು ಹೇಳಲ್ಲ. ಆದ್ರ ನನ್ನ ಕೇಳಿದ್ರ ಇದು ಫ್ಲಾಟಿನವ್ರ ಸಾಮಾನೇ ಅಲ್ಲ, ರಾಯಚೂರು ಕಡಿ ಬಚ್ಚಲಕ್ಕ ಹೇಳಿ ಮಾಡಿಸಿದಂಗದ.

ಯಾಕಂದ್ರ ಮೆಟ್ಟಲಿಂದ ಮೆಟ್ಟಲಿಗೆ ಒಂದಡಿ ಅಂತರ ಇರ್ತದ, ದೊಡ್ಡ ಟವಲ್ 140 ಸೆಂಟಿಮೀಟರ್ ಉದ್ದ, ಅರ್ಧಕ್ಕ ಹಾಕಿದ್ರೂ ಎರಡಡಿಗಿಂತ ಕೆಳಗ ಇಳೀತದ, ಹಿಂಗಾಗಿ ಮ್ಯಾಲಿನ ಹಸಿ ಟವಲ್ ಕೆಳಗಿನದ್ರ ಮ್ಯಾಲೇ ಬಿದ್ದಿರ್ತದ. ಜುಲೈ ತಿಂಗಳಾಗ ಇಲ್ಲಿ ಅದು ಮರುದಿನ ಮುಂಜಾನೆಗೂ ಹಸಿನೇ, ಮುಗ್ಗಲು ವಾಸನಿ ಬ್ಯಾರೆ. ಒಂದು ಮೆಟ್ಟಲು ಬಿಟ್ಟು ಒಂದಕ್ಕ ಹಾಕ್ರಿ ಅಂತೀನಿ ನಾನು, ಹಂಗಂದ್ರ ನಾಕು ಮೆಟ್ಟಲಿಗೆ ಎರಡೇ ಟವಲ್, ಅದಕ್ಕ ಅಷ್ಟು ರೊಕ್ಕ ಯಾಕ? ಅದೇ ರಾಯಚೂರಾಗ ಬ್ಯಾಸಗಿ 40 ಡಿಗ್ರಿ ದಾಟ್ತದ, ಗಾಳ್ಯಾಗ ಪಸಿನೇ ಇರಲ್ಲ, ಮುದುಡಿ ಒಗದ್ರೂ ಒಣಗ್ತದ.

ನಮ್ಮ ಅತ್ತಿಗಿ ಮಾತ್ರ "ಅಂಗಳದಾಗ ತಂತಿ ಇಲ್ಲೇನಪಾ, ಏಣಿ ಯಾಕ ಬೇಕು" ಅಂತಾರ. ಖರೇನೇ, ಆದ್ರ ತಂತಿ ಮ್ಯಾಲಿನ ಟವಲಿಗೆ ಹತ್ತೋ ಧೂಳು ಯಾರು ಝಾಡಸ್ಬೇಕ್ರಿ.

ಊರಿಗಾದ್ರ ಸಾಗವಾನಿದು ಮಾಡಸ್ರಿ, ಅಲ್ಲೇ ಬಡಗ್ಯಾರ ಕಡಿಂದ. ಇಲ್ಲಿಂದ ಒಯ್ದ್ರ ಸಮುದ್ರದ ಹವಾಕ್ಕ ಹೊಂದಿದ ಕಟ್ಟಿಗಿ ಅಲ್ಲಿ ಬ್ಯಾಸಗ್ಯಾಗ ಒಣಗಿ ಕುಗ್ತದ, ಮೆಟ್ಟಲು ತನ್ನ ತೂತಿನಾಗೇ ಗಿರಗಿರ ತಿರಗ್ತದ. ಇಲ್ಲಿಗೆ ಸ್ಟೀಲೇ ಬೇಕು, ಅದೂ 304 ಅನ್ನೋ ಗ್ರೇಡಿಂದು. ಅಂಗಡಿಯವ ಅಯಸ್ಕಾಂತ ಹಚ್ಚಿ "ನೋಡ್ರಿ, ಹಿಡಿಯಲ್ಲ" ಅಂತ ತೋರಸ್ತಾನ, ಅದನ್ನ ನಂಬಬ್ಯಾಡ್ರಿ, ಅಗ್ಗದ 202 ಗ್ರೇಡಿಗೂ ಅಯಸ್ಕಾಂತ ಹಿಡಿಯಲ್ಲ, ಆದ್ರ ಉಪ್ಪಿನ ಗಾಳಿಗೆ ಕಂದು ಚುಕ್ಕಿ ಬೀಳೋದು ಅದಕ್ಕೇ ಮೊದಲು. ಬಿಲ್ಲಿನ ಮ್ಯಾಲೆ ಗ್ರೇಡ್ ಬರಸ್ಕೊಳ್ರಿ.

ಇನ್ನ ತಿಕ್ಕೋ ವಿಚಾರ. ನಮ್ಮ ಕಡಿ ಬೋರ್ ನೀರಿಗೆ ಎಲ್ಲಾದ್ರ ಮ್ಯಾಲೂ ಬಿಳೇ ಪೊರಿ ಕೂಡ್ತದ, ಸ್ಟೀಲಾದ್ರ ಲಿಂಬಿಹಣ್ಣು ಹಚ್ಚಿ ಒರೆಸಿ ಆಮ್ಯಾಲೆ ಚಲೋ ನೀರಿಂದ ತೊಳದು ಒಣಾ ಅರಿವಿಲೆ ಒರೆಸಿಬಿಡ್ರಿ. ಆ್ಯಸಿಡ್ ಹಾಕಿ ಬಚ್ಚಲ ತೊಳಿಯೋರು ಏಣಿ ಹೊರಗಿಟ್ಟೇ ತೊಳೀರಿ, ತಾಗೋದೇ ಬ್ಯಾಡ, ಅದರ ಹೊಗಿಗೇ ಸ್ಟೀಲ್ ತಿಂದಂಗ ಆಗ್ತದ.

ಒರಗಿಸಿದ್ದು ಜಾರಬಾರದು ಅಂದ್ರ ಕಾಲಿಗೆ ರಬ್ಬರ್ ಬೂಟ ಇರ್ಲಿ, ಅದ್ರಾಗೂ ಟೈಲ್ಸ್ ಹಾಕ್ಸಿದ್ರ. ಶಹಾಬಾದ್ ಪರಸಿ ಕಲ್ಲಿನ ನೆಲ ಒರಟ ಇದ್ದಲ್ಲಿ ಅಷ್ಟು ಜಾರಲ್ಲ. ಸಣ್ಣ ಹುಡುಗ್ರು ಏಣಿ ಕಂಡ್ರ ಹತ್ತೇ ಹತ್ತತಾವ, ಅದಕ್ಕ ಮ್ಯಾಲಿನ ತುದಿ ಗ್ವಾಡಿಗೆ ಸ್ಕ್ರೂ ಹಾಕಿ ಬಿಗೀಲೇಬೇಕು. ಹಳೇ ಕಲ್ಲು ಮಣ್ಣಿನ ಗ್ವಾಡಿ ಇದ್ರ ಪ್ಲಾಸ್ಟಿಕ್ ಪ್ಲಗ್ ನಿಲ್ಲಲ್ಲ, ಮೊದಲ ಕಟ್ಟಿಗಿ ಗೂಟ ಬಡೀರಿ, ಸ್ಕ್ರೂ ಅದರಾಗ ಹಾಕ್ರಿ.